ಬಿಡುವಲ್ಲಿಯೂ ಬೇಕು ಅಹಿಂಸೆ

ಜೀವಂಧರ ಕುಮಾರನ ಕಥೆ ಕನ್ನಡ ನಾಡಿನ ಶ್ರಾವಕರಿಗೆ ಹೊಸದಲ್ಲ. 1424ರಲ್ಲಿ ಭಾಸ್ಕರ ಕವಿ ಅದನ್ನು ಷಟ್ಪದಿಯಲ್ಲಿ ಹಾಡಿದ. ಪೆಟ್ಟು ತಿಂದು ಪ್ರಾಣ ಬಿಡುತ್ತಿದ್ದ ನಾಯಿಯ ಕಿವಿಯಲ್ಲಿ ಜೀವಂಧರನು ಪಂಚನಮಸ್ಕಾರ ಮಂತ್ರವನ್ನು ಉಚ್ಚರಿಸಿದನು. ಆ ಜೀವವು ಯಕ್ಷನಾಗಿ ಹುಟ್ಟಿ, ಮುಂದೆ ಅವನ ಕಷ್ಟಕಾಲದಲ್ಲಿ ನೆರವಾಯಿತು. ಕಥೆ ಕೇಳುವವರ ಮನಸ್ಸು ಯಕ್ಷನೊಡನೆ ಮೇಲಕ್ಕೆ ಹೋಗುತ್ತದೆ. ಬೀದಿಯಲ್ಲಿ ಉಳಿದ ನಾಯಿಯ ದೇಹದ ಕಡೆಗೆ ಯಾರ ಮನಸ್ಸೂ ಹೊರಳುವುದಿಲ್ಲ.

ಇಂದು ಹೊರಳಬೇಕಾದುದು ಆ ದೇಹದ ಕಡೆಗೇ. ಹೆದ್ದಾರಿಯ ಬದಿಯಲ್ಲಿ ವಾಹನ ಬಡಿದು ಸತ್ತ ದನ, ಕೆರೆಯ ಅಂಚಿಗೆ ಎಸೆದ ಕರು, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕಸದ ತೊಟ್ಟಿಗೆ ಹಾಕಿದ ಮನೆಯ ನಾಯಿ ಇವೆಲ್ಲ ನಿತ್ಯದ ನೋಟಗಳು. 2019ರ ಜಾನುವಾರು ಗಣತಿಯಂತೆ ದೇಶದಲ್ಲಿ 53 ಕೋಟಿಗೂ ಹೆಚ್ಚು ಜಾನುವಾರುಗಳಿವೆ. ಹುಟ್ಟಿದ ಪ್ರತಿಯೊಂದೂ ಒಂದು ದಿನ ದೇಹ ಬಿಡುತ್ತದೆ. ಆ ದೇಹವನ್ನು ಎಲ್ಲಿ, ಹೇಗೆ, ಯಾರು ಒಪ್ಪ ಮಾಡಬೇಕು ಎಂಬ ಪ್ರಶ್ನೆಗೆ ಬಹುತೇಕ ಊರುಗಳಲ್ಲಿ ಸ್ಪಷ್ಟವಾದ ಉತ್ತರವಿಲ್ಲ.

ಕಾನೂನು ಈ ವಿಷಯವನ್ನು ಅಲ್ಲಲ್ಲಿ ಮುಟ್ಟಿದೆ. ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ನಿಯಂತ್ರಣಕ್ಕಾಗಿ ಸಂಸತ್ತು 2009ರಲ್ಲಿ ಮಾಡಿದ ಕಾಯ್ದೆಯು ರೋಗದಿಂದ ಸತ್ತ ಪ್ರಾಣಿಯನ್ನು ನದಿ, ಕೆರೆ, ಕಾಲುವೆಗಳಿಗೆ ಹಾಕುವುದನ್ನು ಅಪರಾಧವೆಂದು ಸಾರುತ್ತದೆ. ಉಳಿದಂತೆ ಹೊಣೆ ನಗರಗಳಲ್ಲಿ ಪೌರಸಂಸ್ಥೆಗಳದು, ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಗಳದು ಎಂಬ ರೂಢಿಯಿದೆ. ಆದರೆ ಗುರುತಿಸಿದ ಜಾಗ, ದೊಡ್ಡ ದೇಹವನ್ನು ಎತ್ತುವ ವಾಹನ, ಕೆಲಸಗಾರರಿಗೆ ಕೈಗವಸು ಇಲ್ಲದಿದ್ದರೆ ಆ ಹೊಣೆ ಕಾಗದದಲ್ಲೇ ಉಳಿಯುತ್ತದೆ. 2022ರಲ್ಲಿ ಚರ್ಮಗಂಟು ರೋಗವು ದೇಶದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ದನಗಳನ್ನು ಬಲಿ ತೆಗೆದುಕೊಂಡಾಗ, ರಾಜಸ್ಥಾನದಲ್ಲಿ ಊರ ಹೊರಗಿನ ಬಯಲಿನಲ್ಲಿ ಕಳೇಬರಗಳ ರಾಶಿ ಬಿದ್ದುದನ್ನು ಎಲ್ಲರೂ ಕಂಡರು. ಗೋಶಾಲೆ, ಪಾಂಜರಪೋಳಗಳ ಪರಂಪರೆಗೆ ಹೆಸರಾದ ಸೀಮೆಯಲ್ಲಿಯೇ ಈ ಸ್ಥಿತಿ.

ಆತ್ಮ ಹೊರಟುಹೋದ ದೇಹವು ಜಡ ಪುದ್ಗಲ ಎಂದು ಜಿನಾಗಮ ಹೇಳುತ್ತದೆ. ಹಾಗಾದರೆ ಅದರ ಬಗ್ಗೆ ಚಿಂತೆಯೇಕೆ ಎಂದು ಕೇಳಬಹುದು. ಅದೇ ಆಗಮವು ಶವದಲ್ಲಿ, ಮಲಮೂತ್ರಗಳಲ್ಲಿ ಅಲ್ಪ ಕಾಲದಲ್ಲಿಯೇ ಅಸಂಖ್ಯ ಸಂಮೂರ್ಛನ ಜೀವಗಳು ಹುಟ್ಟುತ್ತವೆ ಎಂದೂ ಹೇಳುತ್ತದೆ. ಸತ್ತ ದೇಹಕ್ಕೆ ನೋವಿಲ್ಲ ನಿಜ. ಅದನ್ನು ಎಲ್ಲೆಂದರಲ್ಲಿ ಬಿಟ್ಟರೆ ನೋವು ಸುತ್ತಲಿನ ಜೀವಗಳಿಗೆ. ಮುನಿಗಳಿಗೆ ವಿಧಿಸಿದ ಐದು ಸಮಿತಿಗಳಲ್ಲಿ ಕೊನೆಯದು ಉತ್ಸರ್ಗ ಸಮಿತಿ. ದೇಹದಿಂದ ಹೊರಬಂದುದನ್ನು ಜೀವಜಂತುಗಳಿಲ್ಲದ ಸ್ಥಳವನ್ನು ನೋಡಿ, ಎಚ್ಚರದಿಂದ ಬಿಡಬೇಕು ಎಂಬುದು ಅದರ ತಾತ್ಪರ್ಯ. ನಡೆಯುವಾಗ, ಮಾತನಾಡುವಾಗ, ಉಣ್ಣುವಾಗ ಬೇಕಾದ ಎಚ್ಚರವು ಬಿಡುವಾಗಲೂ ಬೇಕು. ಶ್ರಾವಕರಿಗೆ ಅದು ಮಹಾವ್ರತದ ಅಂಗವಾಗಿ ಬಾರದಿದ್ದರೂ, ಅದರ ವಿವೇಕ ಗೃಹಸ್ಥಧರ್ಮಕ್ಕೂ ಸಲ್ಲುತ್ತದೆ.

ಕರುಣೆಯಿದ್ದು ಎಚ್ಚರ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ರಣಹದ್ದುಗಳ ಅವಸಾನವೇ ಸಾಕ್ಷಿ. ದನಗಳ ನೋವು, ಜ್ವರ ಶಮನಕ್ಕೆಂದು ಡೈಕ್ಲೊಫೆನಾಕ್ ಎಂಬ ಔಷಧವನ್ನು ಕೊಡಲಾಗುತ್ತಿತ್ತು. ಕೊಟ್ಟವರ ಮನಸ್ಸಿನಲ್ಲಿ ದಯೆಯೇ ಇತ್ತು. ಆದರೆ ಔಷಧ ಪಡೆದ ಕೆಲವೇ ದಿನಗಳಲ್ಲಿ ಸತ್ತ ದನದ ದೇಹವನ್ನು ಬಯಲಿನಲ್ಲಿ ಬಿಟ್ಟಾಗ, ಅದನ್ನು ತಿಂದ ರಣಹದ್ದುಗಳ ಮೂತ್ರಪಿಂಡಗಳು ವಿಫಲವಾದವು. 1990ರ ದಶಕದಿಂದ ಮೊದಲುಗೊಂಡು ಮೂರು ಜಾತಿಯ ರಣಹದ್ದುಗಳಲ್ಲಿ ಶೇ 95ಕ್ಕೂ ಹೆಚ್ಚು ಅಳಿದುಹೋದವು. ಕಾರಣವು 2004ರ ಹೊತ್ತಿಗೆ ಸ್ಪಷ್ಟವಾಯಿತು. 2006ರಲ್ಲಿ ಪಶುಗಳಿಗೆ ಆ ಔಷಧವನ್ನು ಭಾರತ ನಿಷೇಧಿಸಿತು. ಅದೇ ಬಗೆಯ ಇನ್ನೆರಡು ಔಷಧಗಳು 2023ರಲ್ಲಿ ನಿಷೇಧಕ್ಕೊಳಗಾದವು. ರಾಮನಗರದ ರಾಮದೇವರ ಬೆಟ್ಟವನ್ನು ರಣಹದ್ದುಗಳ ಧಾಮವೆಂದು ಘೋಷಿಸಬೇಕಾಗಿ ಬಂದುದೂ ಈ ನಷ್ಟದ ಹಿನ್ನೆಲೆಯಲ್ಲಿಯೇ. ಊರಿನ ಕಳೇಬರಗಳನ್ನು ಬೇಗನೆ ಇಲ್ಲವಾಗಿಸುತ್ತಿದ್ದ ಪಕ್ಷಿ ಇಲ್ಲವಾದ ಮೇಲೆ ಆ ಬಯಲು ಬೀದಿನಾಯಿಗಳ ಪಾಲಾಯಿತು. ಕೊಲ್ಲುವ ಸಂಕಲ್ಪವಿಲ್ಲದೆಯೂ ಪ್ರಮಾದದಿಂದ ಹಿಂಸೆ ಘಟಿಸುತ್ತದೆ ಎಂಬ ಶಾಸ್ತ್ರದ ಮಾತಿಗೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

ನೆರಡಿ ರೋಗ, ಅಂದರೆ ಅಂಥ್ರಾಕ್ಸ್, ಇನ್ನೊಂದು ಪಾಠ. ಆ ರೋಗದಿಂದ ಸತ್ತ ಪ್ರಾಣಿಯ ದೇಹವನ್ನು ಕೊಯ್ಯಬಾರದು, ತೊಗಲು ಸುಲಿಯಬಾರದು. ರಕ್ತಕ್ಕೆ ಗಾಳಿ ತಾಗಿದೊಡನೆ ರೋಗಾಣುಗಳು ಗಟ್ಟಿ ಕವಚ ತೊಟ್ಟು ಮಣ್ಣಿನಲ್ಲಿ ದಶಕಗಳ ಕಾಲ ಉಳಿಯುತ್ತವೆ. ಮುಂದೆಂದೋ ಅಲ್ಲಿ ಮೇಯುವ ದನಕ್ಕೂ ಅದನ್ನು ಮುಟ್ಟುವ ಮನುಷ್ಯನಿಗೂ ತಗಲುತ್ತವೆ. ಇಂದಿನ ಒಂದು ಗಳಿಗೆಯ ಅಸಡ್ಡೆಗೆ ಇನ್ನೂ ಹುಟ್ಟದ ಜೀವ ಬೆಲೆ ತೆರುತ್ತದೆ.

ಇಷ್ಟಾದರೂ ಪ್ರಶ್ನೆಯ ಅತ್ಯಂತ ಕಠಿಣವಾದ ಭಾಗ ಉಳಿದಿದೆ. ಶತಮಾನಗಳಿಂದ ಸತ್ತ ದನವನ್ನು ಎಳೆದೊಯ್ಯುವ ಕೆಲಸವನ್ನು ಊರು ಕೆಲವೇ ಜಾತಿಗಳ ತಲೆಗೆ ಕಟ್ಟಿತು. ಕೆಲಸ ಮಾಡಿದವರನ್ನೇ ಅಸ್ಪೃಶ್ಯರೆಂದು ದೂರವಿರಿಸಿತು. ಅಸ್ಪೃಶ್ಯತೆಯ ಹೆಸರಿನಲ್ಲಿ ಯಾರನ್ನಾದರೂ ಕಳೇಬರ ಎತ್ತುವಂತೆ ಬಲವಂತಪಡಿಸುವುದು ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಂದ ತಿದ್ದುಪಡಿಯೂ ಅಂತಹ ಕೆಲಸ ಮಾಡಿಸುವುದನ್ನು ದೌರ್ಜನ್ಯಗಳ ಪಟ್ಟಿಗೆ ಸೇರಿಸಿದೆ. ಆದರೂ 2016ರ ಜುಲೈನಲ್ಲಿ ಗುಜರಾತಿನ ಉನಾದಲ್ಲಿ ಸತ್ತ ಹಸುವಿನ ಚರ್ಮ ಸುಲಿಯುತ್ತಿದ್ದ ದಲಿತ ಯುವಕರನ್ನು ಥಳಿಸಲಾಯಿತು. ಅದನ್ನು ಪ್ರತಿಭಟಿಸಿ ಅನೇಕರು ಆ ಕೆಲಸವನ್ನೇ ನಿಲ್ಲಿಸಿದಾಗ, ಅದುವರೆಗೆ ಯಾರ ಹೆಗಲ ಮೇಲೆ ಊರಿನ ಶುಚಿತ್ವ ನಿಂತಿತ್ತು ಎಂಬುದು ಎಲ್ಲರಿಗೂ ಅರಿವಾಯಿತು.

ಈ ಅರಿವು ಅಹಿಂಸಾವ್ರತಿಗಳನ್ನು ಹೆಚ್ಚು ಕಾಡಬೇಕು. ಮಾಡಿದ, ಮಾಡಿಸಿದ, ಅನುಮೋದಿಸಿದ ಮೂರಕ್ಕೂ ಕರ್ಮಬಂಧವಿದೆ ಎಂಬುದು ಜೈನ ಸಿದ್ಧಾಂತ. ಹಟ್ಟಿಯಲ್ಲಿ ಸತ್ತ ಹಸುವನ್ನು ಹೇಗಾದರೂ ಸಾಗಿಸಿ ಎಂದು ಹಣ ಕೊಟ್ಟು ಮುಖ ತಿರುಗಿಸಿದವರು, ಅದು ಕೆರೆಗೆ ಬಿದ್ದರೂ, ಎತ್ತಿದವರು ಬರಿಗೈಯಲ್ಲಿ ರೋಗ ಅಂಟಿಸಿಕೊಂಡರೂ, ಮಾಡಿಸಿದವರೇ ಆಗುತ್ತಾರೆ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ನಿರ್ವಿಚಿಕಿತ್ಸೆಯೂ ಒಂದು. ರೋಗಿಯಾದ ಮುನಿಯ ವಾಂತಿಗೆ ಅಸಹ್ಯಪಡದೆ ಸೇವೆ ಮಾಡಿದ ಉದ್ದಾಯನ ರಾಜನನ್ನು ಅದಕ್ಕೆ ಉದಾಹರಣೆಯಾಗಿ ಕೊಡುತ್ತಾರೆ. ಜುಗುಪ್ಸೆಯನ್ನು ಗೆಲ್ಲದ ದಯೆ ಅರ್ಧ ದಾರಿಯಲ್ಲಿ ನಿಲ್ಲುತ್ತದೆ. ಅದರೊಡನೆ ಜಾತಿಮದ ಸೇರಿದರೆ ಆ ದಯೆ ಪಶುವನ್ನು ಮುಟ್ಟುತ್ತದೆ, ಮನುಷ್ಯನನ್ನು ಮುಟ್ಟುವುದಿಲ್ಲ. ಜಿನೇಂದ್ರನ ಸಮವಸರಣದಲ್ಲಿ ಮನುಷ್ಯರಿಗೂ ಮೃಗಗಳಿಗೂ ಸ್ಥಾನವಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು.

ಹೂಳುವುದು ಲೇಸೋ ಸುಡುವುದು ಲೇಸೋ ಎಂಬ ಸಂದೇಹವೂ ಶ್ರಾವಕರಲ್ಲಿದೆ. ಅಗೆದರೆ ಪೃಥ್ವೀಕಾಯಿಕ ಜೀವಗಳಿಗೆ, ಸುಟ್ಟರೆ ಅಗ್ನಿಕಾಯಿಕ ಜೀವಗಳಿಗೆ ಬಾಧೆ ತಪ್ಪದು. ಗೃಹಸ್ಥನಿಗೆ ಆರಂಭೀ ಹಿಂಸೆ ಅನಿವಾರ್ಯವಾಗಿರುವುದರಿಂದ ಅತ್ಯಲ್ಪ ಹಾನಿಯ ದಾರಿಯನ್ನು ಆರಿಸುವುದೇ ಧರ್ಮ. ಹಳ್ಳಿಯಲ್ಲಿ ಬಾವಿ, ಕೆರೆಗಳಿಂದ ದೂರದ, ನೀರು ನಿಲ್ಲದ ಎತ್ತರದ ನೆಲದಲ್ಲಿ, ನಾಯಿ ನರಿಗಳು ಕೆದಕಲಾಗದಷ್ಟು ಆಳಕ್ಕೆ ಸುಣ್ಣ ಹಾಕಿ ಹೂಳುವುದು ಸರಿ. ಜಾಗವಿಲ್ಲದ ನಗರಕ್ಕೆ ಪ್ರಾಣಿಗಳ ಪ್ರತ್ಯೇಕ ಚಿತಾಗಾರವೇ ಸರಿ. ಸಾವಿನ ಕಾರಣ ತಿಳಿಯದಿದ್ದರೆ ಮೊದಲು ಪಶುವೈದ್ಯರಿಗೆ ತಿಳಿಸಬೇಕು.

ಕರ್ನಾಟಕದ 2020ರ ಜಾನುವಾರು ವಧೆ ಪ್ರತಿಬಂಧಕ ಕಾಯ್ದೆಯನ್ನು ಅನೇಕ ಶ್ರಾವಕರು ಸ್ವಾಗತಿಸಿದರು. ಕೊಲ್ಲದೆ ಉಳಿಸಿದ ಹಸು ಮುಪ್ಪಿನಿಂದ ಸಾಯುತ್ತದೆ; ಅದರ ದೇಹ ರೈತನ ಹಟ್ಟಿಯಲ್ಲೋ ಗೋಶಾಲೆಯಲ್ಲೋ ಉಳಿಯುತ್ತದೆ. ರಕ್ಷಣೆಯ ಕಾನೂನನ್ನು ಬೇಡಿದವರು ಪ್ರತಿ ಪಂಚಾಯಿತಿಗೂ ಒಂದು ಹೂಳುನೆಲ, ಎತ್ತುವ ಯಂತ್ರವುಳ್ಳ ವಾಹನ, ನ್ಯಾಯವಾದ ಸಂಬಳ ಹಾಗೂ ರಕ್ಷಣಾ ಸಾಮಗ್ರಿ ಪಡೆದ ಯಾವ ಜಾತಿಯವರಾದರೂ ಮಾಡಬಹುದಾದ ಉದ್ಯೋಗ ಇವುಗಳನ್ನೂ ಅಷ್ಟೇ ಗಟ್ಟಿಯಾಗಿ ಬೇಡಬೇಕು. ದಶಲಕ್ಷಣ ಪರ್ವದಲ್ಲಿ ಗೋಶಾಲೆಗೆ ಮೇವಿನ ಹಣ ಕೊಡುವವರು ಅದರ ಒಂದು ಪಾಲನ್ನು ಈ ಕೊನೆಯ ಕೆಲಸಕ್ಕೆಂದು ತೆಗೆದಿಟ್ಟರೆ ಅದೂ ಅಭಯದಾನವೇ. ಬದುಕಿರುವ ನೆರೆಯ ಜೀವಗಳಿಗೆ, ಆ ದೇಹವನ್ನು ಎತ್ತುವ ಕೈಗಳಿಗೆ ಅದು ಅಭಯ ಕೊಡುತ್ತದೆ.