ಸ್ಕೂಟರ್ ಸಿಕ್ಕಿತು, ಹೋಗುವುದೆಲ್ಲಿಗೆ?

ಖಾಸಗಿ ಕಂಪನಿಗಳೂ ಅಂಗವಿಕಲರಿಗೆ ಶೇ 5ರಷ್ಟು ಕೆಲಸ ಮೀಸಲಿಡಬೇಕು ಎಂಬ ಮಾತು ಎದ್ದಾಗಲೆಲ್ಲ ಉದ್ಯಮ ವಲಯ ಹೇಳುವುದು ಒಂದೇ: ಕೊಡಲು ನಾವು ಸಿದ್ಧ, ಅರ್ಹರೇ ಸಿಗುತ್ತಿಲ್ಲ. ಸರ್ಕಾರ ಹೇಳುವುದೂ ಒಂದೇ: ಈ ವರ್ಷ ಇಷ್ಟು ತ್ರಿಚಕ್ರ ಸ್ಕೂಟರ್ ಹಂಚಿದ್ದೇವೆ. ಎರಡು ಕಡೆಯವರೂ ತಮ್ಮ ಪಾಲಿನ ಮಾತು ಮುಗಿಸಿ ಮನೆಗೆ ಹೋಗುತ್ತಾರೆ. ಹದಿನೆಂಟು ದಾಟಿ, ಶಾಲೆ ಮುಗಿಸಿ ಮನೆಯಲ್ಲೇ ಕೂತವರು ಕೂತೇ ಇರುತ್ತಾರೆ.

ಎಷ್ಟು ಜನ ಕೂತಿದ್ದಾರೆ? 2011ರ ಜನಗಣತಿಯಲ್ಲಿ ಕರ್ನಾಟಕದ ಅಂಗವಿಕಲರ ಸಂಖ್ಯೆ 13 ಲಕ್ಷ ದಾಟಿತ್ತು. ಆಮೇಲೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ವೈಕಲ್ಯಗಳ ಪಟ್ಟಿಯನ್ನು 21ಕ್ಕೆ ಏರಿಸಿತು. ಇಂದು ಎಣಿಸಿದರೆ ಸಂಖ್ಯೆ ಇನ್ನೂ ದೊಡ್ಡದಾದೀತು. ಆದರೆ ನನ್ನನ್ನು ಕಾಡುವ ಅಂಕಿ ಬೇರೆ. 2018ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಂತೆ ದೇಶದಲ್ಲಿ ಹದಿನೈದು ತುಂಬಿದ ಅಂಗವಿಕಲರ ಪೈಕಿ ಕೆಲಸದಲ್ಲಿದ್ದವರು ಶೇ 22.8. ಕೆಲಸ ಹುಡುಕುತ್ತಿದ್ದವರನ್ನೂ ಸೇರಿಸಿದರೆ ಶೇ 23.8. ಅಂದರೆ ಹುಡುಕುತ್ತಿದ್ದವರು ನೂರಕ್ಕೆ ಒಬ್ಬರು ಮಾತ್ರ. ಉಳಿದ ಮುಕ್ಕಾಲು ಪಾಲು ಮಂದಿ ಹುಡುಕುವುದನ್ನೇ ಬಿಟ್ಟಿದ್ದಾರೆ, ಇಲ್ಲವೇ ಹುಡುಕಲು ಹೊರಟೇ ಇಲ್ಲ. ಬಾಗಿಲು ಬಡಿಯುವವರೇ ಇಲ್ಲದಿರುವಾಗ ಅರ್ಹರು ಬರುತ್ತಿಲ್ಲ ಎಂದು ದೂರುವುದು ಸುಲಭ.

ಮೊದಲೇ ಹೇಳಿಬಿಡುತ್ತೇನೆ, ನಾನು ಕಡ್ಡಾಯದ ಪರ. 2016ರ ಕಾಯ್ದೆಯ 35ನೇ ಸೆಕ್ಷನ್ ಖಾಸಗಿಯವರಿಗೆ ಶೇ 5ರ ಗುರಿ ಹೇಳುತ್ತದೆ, ಅದನ್ನು ತಲುಪಿಸಲು ಸರ್ಕಾರ ಪ್ರೋತ್ಸಾಹ ಕೊಡಲಿ ಎನ್ನುತ್ತದೆ. ಅದೂ ತನ್ನ ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ. ಹೀಗೆ ಬೇಲಿಗಳ ನಡುವೆ ನೆಟ್ಟ ಗಿಡ ಫಲ ಕೊಟ್ಟದ್ದನ್ನು ಯಾರೂ ಕಂಡಿಲ್ಲ. ಆದರೆ ಕಡ್ಡಾಯದ ಮಸೂದೆ ಬಂದರೆ ಎಲ್ಲ ಸರಿಹೋಗುತ್ತದೆ ಎಂದು ಭಾಷಣ ಮಾಡುವವರ ಜೊತೆಗೂ ನಾನಿಲ್ಲ. ಸ್ಥಳೀಯರಿಗೆ ಖಾಸಗಿ ಉದ್ಯೋಗ ಮೀಸಲಿಡುವ ಮಸೂದೆಯನ್ನು 2024ರ ಜುಲೈನಲ್ಲಿ ರಾಜ್ಯ ಸಂಪುಟ ಒಪ್ಪಿ, ಉದ್ಯಮಿಗಳು ಗದ್ದಲ ಎಬ್ಬಿಸಿದೊಡನೆ ಎರಡೇ ದಿನದಲ್ಲಿ ಕಪಾಟಿಗೆ ಸೇರಿಸಿದ್ದನ್ನು ನೋಡಿದ್ದೇವೆ. ಮತಬ್ಯಾಂಕ್ ಇರುವ ಮಸೂದೆಯ ಪಾಡೇ ಹಾಗಾದರೆ ಇದರದ್ದು ಹೇಗಾದೀತು? ಒಂದು ವೇಳೆ ಅಂಗೀಕಾರವಾದರೂ ಕಂಪನಿಗಳು ಮಾಡುವುದನ್ನು ಈಗಲೇ ಹೇಳಬಹುದು. ಕಾಲಲ್ಲಿ ಸ್ವಲ್ಪ ಊನವಿರುವ, ಎಂಜಿನಿಯರಿಂಗ್ ಓದಿದ, ಇಂಗ್ಲಿಷ್ ಬಲ್ಲ ಹುಡುಗನನ್ನು ತೆಗೆದುಕೊಂಡು ಲೆಕ್ಕ ಒಪ್ಪಿಸುತ್ತವೆ. ಆಟಿಸಂ ಇರುವವರು, ಬೌದ್ಧಿಕ ವೈಕಲ್ಯ ಇರುವವರು, ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಂಡವರು ಯಾರ ಲೆಕ್ಕಕ್ಕೂ ಬರುವುದಿಲ್ಲ.

ಸರ್ಕಾರಿ ನೇಮಕಾತಿಯಲ್ಲಿ ಆಗುತ್ತಿರುವುದೂ ಇದೇ. ಕೇಂದ್ರದಲ್ಲಿ ಶೇ 4ರ ಮೀಸಲಾತಿ ಇದೆ. ಕರ್ನಾಟಕದಲ್ಲಿ ಎ ಮತ್ತು ಬಿ ಗುಂಪಿಗೆ ಶೇ 4, ಸಿ ಮತ್ತು ಡಿ ಗುಂಪಿಗೆ ಶೇ 5. ಕೇಂದ್ರ ಕಾಯ್ದೆಯ ನಾಲ್ಕರಲ್ಲಿ ಒಂದು ಪಾಲು ಆಟಿಸಂ, ಬೌದ್ಧಿಕ ವೈಕಲ್ಯ, ಕಲಿಕಾ ನ್ಯೂನತೆ, ಮಾನಸಿಕ ಕಾಯಿಲೆ ಮತ್ತು ಬಹುವೈಕಲ್ಯ ಇರುವವರಿಗೆಲ್ಲ ಸೇರಿ ಮೀಸಲು. ಇವರಿಗೆ ಸೂಕ್ತವಾದವುಗಳೂ ಸೇರಿದಂತೆ 3,566 ಹುದ್ದೆಗಳನ್ನು ಕೇಂದ್ರ ಸರ್ಕಾರ 2021ರ ಜನವರಿಯಲ್ಲಿ ಪಟ್ಟಿ ಮಾಡಿತು. ಆ ಹುದ್ದೆಗೆ ದಾರಿ ಯಾವುದು? ಸ್ಪರ್ಧಾತ್ಮಕ ಪರೀಕ್ಷೆ. ಬೌದ್ಧಿಕ ವೈಕಲ್ಯವಿದೆ ಎಂದು ವೈದ್ಯಕೀಯ ಮಂಡಳಿಯಿಂದ ಪ್ರಮಾಣಪತ್ರ ಪಡೆದವನು ಸಾಮಾನ್ಯಜ್ಞಾನ, ಗಣಿತ, ತಾರ್ಕಿಕ ಸಾಮರ್ಥ್ಯದ ಪ್ರಶ್ನೆಪತ್ರಿಕೆ ಗೆದ್ದು ಬರಬೇಕು. ನರಿ ಕೊಕ್ಕರೆಯನ್ನು ಊಟಕ್ಕೆ ಕರೆದು ತಟ್ಟೆಯಲ್ಲಿ ಪಾಯಸ ಬಡಿಸಿದ ಕತೆ ಇದು. ಕೊಕ್ಕರೆ ತಿನ್ನದೆ ಎದ್ದರೆ ಮುಂದೇನು ಎಂಬುದನ್ನೂ ಕಾಯ್ದೆ ಬರೆದಿಟ್ಟಿದೆ. ಸೂಕ್ತ ಅಭ್ಯರ್ಥಿ ಸಿಗದಿದ್ದರೆ ಹುದ್ದೆಯನ್ನು ಮುಂದಿನ ನೇಮಕಾತಿ ವರ್ಷಕ್ಕೆ ಒಯ್ಯಬೇಕು, ಆಗಲೂ ಸಿಗದಿದ್ದರೆ ಬೇರೆ ಬಗೆಯ ವೈಕಲ್ಯದವರಿಗೆ ಕೊಡಬೇಕು, ಅವರೂ ಇಲ್ಲವೆಂದರೆ ವೈಕಲ್ಯವಿಲ್ಲದವರನ್ನು ನೇಮಿಸಬಹುದು. ಸ್ವಲ್ಪ ಕಾದು ಕುಳಿತರೆ ಸಾಕು, ಇಲಾಖೆಗೆ ಕಾನೂನೇ ಬಾಗಿಲು ತೆರೆದುಕೊಡುತ್ತದೆ.

ಒಳಗೆ ಬಂದವರ ಪಾಡೂ ಅಷ್ಟಕ್ಕಷ್ಟೇ. ಬಡ್ತಿಯಲ್ಲೂ ಅಂಗವಿಕಲರಿಗೆ ಮೀಸಲಾತಿ ಉಂಟು ಎಂಬುದನ್ನು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ 2020ರ ಜನವರಿಯಲ್ಲಿ ಸ್ಪಷ್ಟಪಡಿಸಿತು. ಆ ಪ್ರಕರಣದ ಹೆಸರು 'ಸಿದ್ದರಾಜು ಮತ್ತು ಕರ್ನಾಟಕ ಸರ್ಕಾರ'. ಎದುರು ಪಕ್ಷದಲ್ಲಿ ನಿಂತದ್ದು ನಮ್ಮದೇ ಸರ್ಕಾರ.

'ಅರ್ಹರು ಸಿಗುತ್ತಿಲ್ಲ' ಎನ್ನುವವರಿಗೆ ಉತ್ತರ ಬೆಂಗಳೂರಿನಲ್ಲೇ ಇದೆ. ಎನ್.ಎಸ್. ಹೇಮಾ ಅವರು ಅಂಗವಿಕಲರಿಗಾಗಿ ಕಟ್ಟಿದ ಎಪಿಡಿ ಸಂಸ್ಥೆ 1959ರಿಂದ ಇಲ್ಲಿದೆ. 1999ರಲ್ಲಿ ಆರಂಭವಾದ ಎನೇಬಲ್ ಇಂಡಿಯಾ ಇದೆ. 2006ರಲ್ಲಿ ಶುರುವಾದ ವಿಂಧ್ಯ ಇ-ಇನ್ಫೋಮೀಡಿಯಾದಲ್ಲಿ ನೌಕರರ ಬಹುಪಾಲು ಅಂಗವಿಕಲರೇ. 2017ರಲ್ಲಿ ಹುಬ್ಬಳ್ಳಿಯ ಕಾಲೇಜೊಂದರ ಆವರಣದಲ್ಲಿ ಬಾಗಿಲು ತೆರೆದ, ಅಂಗವಿಕಲರೇ ನಡೆಸುವ ಮಿಟ್ಟಿ ಕೆಫೆ ಈಗ ಸುಪ್ರೀಂ ಕೋರ್ಟಿನ ಆವರಣದವರೆಗೂ ಹೋಗಿದೆ. ಇವರು ಮಾಡಿದ್ದನ್ನು ಪವಾಡವೆಂದು ಹೊಗಳುವುದರಲ್ಲಿ ಒಂದು ಮೋಸವಿದೆ. ಪವಾಡವಾದರೆ ಉಳಿದವರು ಮಾಡಬೇಕಾಗಿಲ್ಲವಲ್ಲ!

ಈ ಸಂಸ್ಥೆಗಳು ಮಾಡುವ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಗೊತ್ತಾಗುತ್ತದೆ. ಬೌದ್ಧಿಕ ವೈಕಲ್ಯ ಇರುವ ಹುಡುಗನೊಬ್ಬನನ್ನು ಸೂಪರ್ ಮಾರ್ಕೆಟ್ಟಿಗೆ ಸೇರಿಸಬೇಕು ಎಂದುಕೊಳ್ಳಿ. ಕೆಲಸ ಕಲಿಸುವ ಜಾಬ್ ಕೋಚ್ ಮೊದಲು ತಾನೇ ಅಲ್ಲಿ ಕೆಲಸ ಮಾಡಿ ನೋಡುತ್ತಾನೆ. ಹಾಲಿನ ಪ್ಯಾಕೆಟ್ ಜೋಡಿಸುವುದು ನಮಗೆ ಒಂದು ಕೆಲಸ, ಕೋಚ್‌ಗೆ ಅದು ಏಳೆಂಟು ಹೆಜ್ಜೆ: ಕ್ರೇಟ್ ತರುವುದು, ಸೋರುತ್ತಿರುವುದನ್ನು ಬೇರೆ ಇಡುವುದು, ದಿನಾಂಕ ನೋಡುವುದು, ಹಳೆಯದನ್ನು ಮುಂದಕ್ಕೆ ಎಳೆದು ಹೊಸದನ್ನು ಹಿಂದಕ್ಕೆ ತಳ್ಳುವುದು, ಹೀಗೆ. ಪ್ರತಿ ಹೆಜ್ಜೆಗೂ ಒಂದೊಂದು ಫೋಟೊ ಅಂಟಿಸಿದ ಕಾರ್ಡು. ಕೆಲಸಕ್ಕಿಂತ ಕಷ್ಟದ್ದು ಅದರ ಸುತ್ತಲಿನದು. ಎಷ್ಟು ನಂಬರಿನ ಬಸ್ಸು, ಅದು ಬರದಿದ್ದರೆ ಏನು ಮಾಡುವುದು, ಗಿರಾಕಿ ರೇಗಿದರೆ ಯಾರನ್ನು ಕರೆಯುವುದು, ಊಟದ ಬಿಡುವು ಮುಗಿದದ್ದು ಹೇಗೆ ತಿಳಿಯುವುದು, ಎಟಿಎಂ ಪಿನ್ ಕೇಳಿದ ಸ್ನೇಹಿತನಿಗೆ ಏನು ಹೇಳುವುದು. ಜೊತೆಗೆ ಕೆಲಸ ಮಾಡುವವರಿಗೂ ಪಾಠವಿದೆ: ಒಂದೇ ಉಸಿರಿಗೆ ನಾಲ್ಕು ಕೆಲಸ ಹೇಳಬೇಡಿ, ಕಂದಾ ಪುಟ್ಟಾ ಎಂದು ಕೆನ್ನೆ ಸವರಬೇಡಿ, ಅವನಿಗೆ ಇಪ್ಪತ್ತಾರು. ಮೊದಲ ವಾರಗಳಲ್ಲಿ ಕೋಚ್ ದಿನವಿಡೀ ಪಕ್ಕದಲ್ಲಿರುತ್ತಾನೆ. ಆಮೇಲೆ ಅರ್ಧ ದಿನ, ಆಮೇಲೆ ವಾರಕ್ಕೊಮ್ಮೆ, ಕೊನೆಗೆ ಫೋನಿನಲ್ಲಿ. ಮ್ಯಾನೇಜರ್ ಬದಲಾದ ದಿನ ಮತ್ತೆ ಬರಬೇಕಾಗುತ್ತದೆ. ಎಷ್ಟೋ ಕೆಲಸಗಳು ಹೋಗುವುದು ಹಾಗೆ ಮ್ಯಾನೇಜರ್ ಬದಲಾದ ತಿಂಗಳಲ್ಲೇ.

ಈ ಕೋಚ್‌ಗೆ ಸಂಬಳ ಕೊಡುವವರು ಯಾರು? ಸಿಎಸ್‌ಆರ್ ಹಣ ಸಿಕ್ಕ ಸಂಸ್ಥೆಯಾದರೆ ಆ ಹಣ ಇರುವಷ್ಟು ದಿನ ನಡೆಯುತ್ತದೆ. ತರಬೇತಿ ಶಿಬಿರಕ್ಕೆ ಸರ್ಕಾರದ ದುಡ್ಡಿದೆ, ಉದ್ಯೋಗ ಮೇಳದ ಫ್ಲೆಕ್ಸ್‌ಗೆ ಇದೆ, ಪ್ರಮಾಣಪತ್ರ ವಿತರಣೆಗೂ ಇದೆ. ಕೆಲಸಕ್ಕೆ ಸೇರಿದ ಎಂಟನೆಯ ತಿಂಗಳಲ್ಲಿ ಎದ್ದ ತೊಂದರೆಗೆ ಓಡಿಬರುವವನಿಗೆ ಮಾತ್ರ ಬಜೆಟ್ಟಿನಲ್ಲಿ ಸಾಲೊಂದಿಲ್ಲ.

ಹಾಗಾಗಿ ಕೆಲಸ ಕಳೆದುಕೊಂಡವರು ಮರಳಿ ಬಂದು ಸೇರುವುದು ವೃತ್ತಿ ತರಬೇತಿ ಕೇಂದ್ರಕ್ಕೆ. ಪೇಪರ್ ಕವರ್, ಫಿನಾಯಿಲ್, ಕಾಲೊರೆಸು, ದೀಪಾವಳಿ ಹತ್ತಿರವಾದರೆ ಬಣ್ಣದ ಹಣತೆ. ಐಟಿ ಕಂಪನಿಯ ಲಾಬಿಯಲ್ಲಿ ಒಂದು ದಿನದ ಮಳಿಗೆ, ಸೆಲ್ಫಿ. ತಿಂಗಳ ಕೊನೆಗೆ ಲಕೋಟೆಯಲ್ಲಿ ಬಸ್ ಚಾರ್ಜಿಗೂ ಸಾಲದಷ್ಟು ಭತ್ಯೆ. ಈ ಕೇಂದ್ರಗಳನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಅವುಗಳಲ್ಲಿ ಬಹಳಷ್ಟನ್ನು ಕಟ್ಟಿದ್ದು ಬೇರೆ ದಿಕ್ಕು ಕಾಣದ ತಂದೆ ತಾಯಿಯರು. 'ನಾವಿರೋವರೆಗೆ ಸರಿ, ಆಮೇಲೆ ಯಾರು?' ಎಂಬ ಪ್ರಶ್ನೆಯನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಅವರು ಬೆಳಿಗ್ಗೆ ಬೀಗ ತೆಗೆಯುತ್ತಾರೆ. ಆದರೆ ಹದಿನೈದು ವರ್ಷ ನಡೆಯುವ ತರಬೇತಿ ತರಬೇತಿಯಲ್ಲ, ಅದು ಕೂಲಿ ಇಲ್ಲದ ದುಡಿಮೆ. ಅಂಗವಿಕಲರಿಗೆ ಕನಿಷ್ಠ ವೇತನಕ್ಕಿಂತ ಕಡಿಮೆ ಕೊಡಲು ಅಮೆರಿಕದಲ್ಲಿ 1938ರ ಕಾನೂನು ಅವಕಾಶ ಕೊಟ್ಟಿದೆ. ಅದನ್ನು ಕೊನೆಗಾಣಿಸುವ ಪ್ರಸ್ತಾವವನ್ನು ಅಲ್ಲಿನ ಕಾರ್ಮಿಕ ಇಲಾಖೆ 2024ರ ಡಿಸೆಂಬರಿನಲ್ಲಿ ಮುಂದಿಟ್ಟು, 2025ರ ಜುಲೈನಲ್ಲಿ ಹಿಂದಕ್ಕೆ ಪಡೆಯಿತು. ಅಲ್ಲಿ ಅದರ ಬಗ್ಗೆ ಜಗಳವಾದರೂ ನಡೆದಿದೆ. ನಮ್ಮಲ್ಲಿ ಅವರನ್ನು ಕೆಲಸಗಾರರೆಂದು ಕರೆಯುವುದೇ ಇಲ್ಲವಾದ್ದರಿಂದ ಜಗಳಕ್ಕೆ ಆಸ್ಪದವೇ ಹುಟ್ಟುವುದಿಲ್ಲ.

ಇನ್ನು ಪಿಂಚಣಿ. ಕೇಂದ್ರದ ಪಾಲು ತಿಂಗಳಿಗೆ 300 ರೂಪಾಯಿ, ಅದೂ ಬಡತನ ರೇಖೆಯ ಕೆಳಗಿನ, ಶೇ 80ರಷ್ಟು ವೈಕಲ್ಯ ಇರುವವರಿಗೆ. ರಾಜ್ಯ ಸರ್ಕಾರ ವೈಕಲ್ಯದ ಪ್ರಮಾಣ ನೋಡಿ 800, 1,400 ಎಂದು ಕೊಡುತ್ತಿದೆ. ಇದರಲ್ಲಿ ಬದುಕಲು ಆಗದು ಎಂಬುದು ಹಳೆಯ ದೂರು. ಅದಕ್ಕಿಂತ ಕೆಟ್ಟದ್ದು ಆದಾಯ ಮಿತಿ. ಮಗ ಕೆಲಸಕ್ಕೆ ಸೇರಿ ಕೈಗೆ ಸಂಬಳ ಬಂದರೆ ಪಿಂಚಣಿಯ ಅರ್ಹತೆ ಹೋಗುತ್ತದೆ, ಬಿಪಿಎಲ್ ಕಾರ್ಡು ಹೋದೀತು ಎಂಬ ಭಯ ಬೇರೆ. ಕೆಲಸ ಆರು ತಿಂಗಳಿಗೇ ಬಿಟ್ಟುಹೋದರೆ ಮತ್ತೆ ನಾಡಕಚೇರಿಯಿಂದ ಶುರು: ಆದಾಯ ಪತ್ರ, ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡು, ಬ್ಯಾಂಕ್ ಪಾಸ್‌ಬುಕ್. 'ಇರೋ ಎಂಟು ನೂರು ಕಳಕೊಳ್ಳೋದು ಬೇಡ, ಮನೇಲೇ ಇರಲಿ ಬಿಡಿ' ಎನ್ನುವ ತಾಯಿಯನ್ನು ಅಜ್ಞಾನಿ ಎನ್ನುವವರು ಆಕೆಯ ಲೆಕ್ಕವನ್ನು ಒಮ್ಮೆ ಕೂಡಿ ನೋಡಲಿ. ಆಕೆಯ ಲೆಕ್ಕ ಸರಿಯಿದೆ, ತಪ್ಪಿರುವುದು ನಿಯಮ.

ಬಸ್ಸಿನ ಕತೆಯೂ ಅಷ್ಟೇ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆಯಿದೆ, ಒಳ್ಳೆಯದಾಯಿತು. ಕಾಲಿಲ್ಲದ ಗಂಡಸಿಗೆ ವರ್ಷಕ್ಕೆ 660 ರೂಪಾಯಿಯ ರಿಯಾಯಿತಿ ಪಾಸು, ಅದು ನಡೆಯುವುದು ವಾಸಸ್ಥಳದಿಂದ 100 ಕಿಲೋಮೀಟರ್‌ವರೆಗೆ. ಚಿತ್ರದುರ್ಗದ ಹುಡುಗ ಸಂದರ್ಶನಕ್ಕೆಂದು ಬೆಂಗಳೂರಿಗೆ ಹೊರಟರೆ ಪಾಸು ಅರ್ಧ ದಾರಿಗೇ ಕೈಕೊಡುತ್ತದೆ. ಕೆಲಸಗಳೆಲ್ಲ ಬೆಂಗಳೂರಿನಲ್ಲೇ ಗುಡ್ಡೆಬಿದ್ದಿರುವ ರಾಜ್ಯದಲ್ಲಿ ಈ ನೂರು ಕಿಲೋಮೀಟರ್ ಲೆಕ್ಕ ಯಾರಿಗೆ ಹೊಳೆಯಿತೋ!

ಇಲ್ಲಿ ಇನ್ನೊಂದು ಮಾತು. 2024ರಲ್ಲಿ ಮಹಾರಾಷ್ಟ್ರದ ಪ್ರೊಬೇಷನರಿ ಐಎಎಸ್ ಅಧಿಕಾರಿಯೊಬ್ಬರ ಅಂಗವೈಕಲ್ಯ ಪ್ರಮಾಣಪತ್ರ ವಿವಾದವಾದ ಮೇಲೆ ಅಂಗವಿಕಲರ ಮೀಸಲಾತಿಯೇ ಮೋಸದ ಬಾಗಿಲು ಎಂಬಂತೆ ಮಾತಾಡುವ ಚಾಳಿ ಶುರುವಾಗಿದೆ. ಖೊಟ್ಟಿ ಜಾತಿ ಪ್ರಮಾಣಪತ್ರ, ಖೊಟ್ಟಿ ಅಂಕಪಟ್ಟಿ ಎಲ್ಲ ಕಂಡ ನಾಡಿದು. ಕಳ್ಳ ಸಿಕ್ಕಿದರೆ ಕಳ್ಳನನ್ನು ಹಿಡಿಯಬೇಕು. ಹಾಸಿಗೆ ಬಿಟ್ಟೇಳಲಾಗದವರನ್ನು ಮರುಪರಿಶೀಲನೆಗೆಂದು ಜಿಲ್ಲಾಸ್ಪತ್ರೆಯ ಸಾಲಿನಲ್ಲಿ ನಿಲ್ಲಿಸುವುದು ತನಿಖೆಯಲ್ಲ.

ಮಾಡಬಹುದಾದದ್ದು ಏನೂ ಇಲ್ಲವೇ? ಇದೆ, ಅದಕ್ಕೆ ಬೇಕಾದವರನ್ನು ಈ ರಾಜ್ಯ ಆಗಲೇ ನೇಮಿಸಿಕೊಂಡಿದೆ. ಗ್ರಾಮ ಪಂಚಾಯಿತಿಗೊಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ, ತಾಲ್ಲೂಕಿಗೊಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ. ಹಳ್ಳಿಯವರ ಬಾಯಲ್ಲಿ ವಿಆರ್‌ಡಬ್ಲ್ಯು, ಎಂಆರ್‌ಡಬ್ಲ್ಯು. ಅಂಗವಿಕಲರನ್ನೇ ಆರಿಸಿ ಮಾಡಿದ ಈ ಪಡೆ ಬೇರೆ ರಾಜ್ಯಗಳವರು ಹೊಟ್ಟೆಕಿಚ್ಚುಪಡಬೇಕಾದ ಏರ್ಪಾಡು. ಯಾವ ಮನೆಯಲ್ಲಿ ಯಾರು ಕೂತಿದ್ದಾರೆ, ಯಾರಿಗೆ ಏನು ಬರುತ್ತದೆ, ಯಾವ ಅಪ್ಪ ಹೊರಗೆ ಬಿಡುವುದಿಲ್ಲ ಎಂಬುದು ಅವರಿಗೆ ತಿಳಿದಷ್ಟು ಯಾವ ಸಮೀಕ್ಷೆಗೂ ತಿಳಿಯದು. ಅವರನ್ನು ನಾವು ಬಳಸುತ್ತಿರುವುದು ಅರ್ಜಿ ತುಂಬಿಸಲು, ಶಿಬಿರಕ್ಕೆ ಜನ ಸೇರಿಸಲು, ಪಂಚಾಯಿತಿಯ ಬಿಡಿ ಕೆಲಸಗಳಿಗೆ. ಕೊಡುವುದು ಗೌರವಧನ. ಕಾಯಂ ಮಾಡಿ ಎಂದು ಅವರೇ ಆಗಾಗ ಧರಣಿ ಕೂರುತ್ತಾರೆ. ಅವರಿಗೆ ಜಾಬ್ ಕೋಚ್ ತರಬೇತಿ ಕೊಟ್ಟು, ಸರಿಯಾದ ಸಂಬಳ ಕೊಟ್ಟು, ತಾಲ್ಲೂಕಿನ ಅಂಗಡಿ, ಗಾರ್ಮೆಂಟ್ಸ್, ಹೋಟೆಲು, ಹಾಲಿನ ಡೇರಿಗಳ ಜೊತೆ ಗಂಟು ಹಾಕಲಿ. ಹೊಂದಾಣಿಕೆ ಎಂಬುದು ನಮ್ಮ ಹಳ್ಳಿಗಳಿಗೆ ಹೊಸದೇನಲ್ಲ. ನರೇಗಾದಲ್ಲಿ ಅಂಗವಿಕಲರು ಅರ್ಧ ಅಳತೆ ಕೆಲಸ ಮಾಡಿದರೂ ಪೂರ್ತಿ ಕೂಲಿ ಕೊಡಬೇಕೆಂದು ನಮ್ಮ ರಾಜ್ಯವೇ ನಿಯಮ ಮಾಡಿತ್ತು. ಅದರಿಂದ ಯಾವ ಕೆರೆಯ ಹೂಳೂ ತೆಗೆಯದೆ ಉಳಿಯಲಿಲ್ಲ.

ಹಣದ ಮಾತು ಬಂದೇ ಬರುತ್ತದೆ. ಸ್ಥಳೀಯ ಸಂಸ್ಥೆಗಳು ಅಂಗವಿಕಲರಿಗೆಂದು ತೆಗೆದಿಡಬೇಕಾದ ಶೇ 5ರ ನಿಧಿ ಇದೆ, ಮಾರ್ಚ್ ತಿಂಗಳಲ್ಲಿ ಗಾಲಿಕುರ್ಚಿ ಖರೀದಿಗೆ ಅದರ ನೆನಪಾಗುತ್ತದೆ. ಉದ್ಯಮಗಳಿಂದಲೂ ಪಡೆಯಬೇಕು. ಜರ್ಮನಿಯಲ್ಲಿ 20 ಅಥವಾ ಹೆಚ್ಚು ನೌಕರರಿರುವ ಸಂಸ್ಥೆ ಶೇ 5ರಷ್ಟು ಹುದ್ದೆಗಳನ್ನು ತೀವ್ರ ವೈಕಲ್ಯ ಇರುವವರಿಗೆ ಕೊಡಬೇಕು. ಕೊಡದಿದ್ದರೆ ಖಾಲಿ ಉಳಿದ ಒಂದೊಂದು ಹುದ್ದೆಗೂ ತಿಂಗಳ ಲೆಕ್ಕದಲ್ಲಿ ಶುಲ್ಕ ಕಟ್ಟಬೇಕು. ಆ ಹಣ ಅಂಗವಿಕಲ ನೌಕರರ ನೆರವಿಗೇ ಹೋಗುತ್ತದೆ. ಜಪಾನ್ ಈ ಪ್ರಮಾಣವನ್ನು 2024ರ ಏಪ್ರಿಲ್‌ನಿಂದ ಶೇ 2.5 ಮಾಡಿತು, ಅಲ್ಲೂ ಶುಲ್ಕವಿದೆ. ಜೈಲಿಲ್ಲ, ಇನ್‌ಸ್ಪೆಕ್ಟರ್ ರಾಜ್ ಇಲ್ಲ. ಅರ್ಹರು ಸಿಗದಿದ್ದರೆ ಅವರನ್ನು ತಯಾರು ಮಾಡುವ ಖರ್ಚು ಕೊಡಿ, ಅಷ್ಟೇ. ಇದಕ್ಕೇ ಕಂಪನಿಗಳು ಹೈದರಾಬಾದಿಗೆ ಹೊರಟುಬಿಡುತ್ತವೆ ಎನ್ನುವವರು ಬೆಂಗಳೂರಿನ ಟ್ರಾಫಿಕ್ಕಿಗೇ ಹೋಗದವರು ಇದಕ್ಕೆ ಹೋದಾರೇ ಎಂದು ಯೋಚಿಸಲಿ. ಜಪಾನಿನಿಂದ ಕಲಿಯಬೇಕಾದ ಇನ್ನೊಂದು ಪಾಠವೂ ಉಂಟು: 2018ರಲ್ಲಿ ಅಲ್ಲಿನ ಸರ್ಕಾರಿ ಸಚಿವಾಲಯಗಳೇ ಅಂಗವಿಕಲ ನೌಕರರ ಸಂಖ್ಯೆಯನ್ನು ವರ್ಷಗಟ್ಟಲೆ ಉಬ್ಬಿಸಿ ತೋರಿಸಿದ್ದು ಬಯಲಾಯಿತು. ಆದ್ದರಿಂದ ಕಂಪನಿಗಳ ಲೆಕ್ಕ ಕೇಳುವ ಮುನ್ನ ನಮ್ಮ ಸರ್ಕಾರ ಇಲಾಖಾವಾರು ಪಟ್ಟಿಯನ್ನು ಸದನದಲ್ಲಿಡಲಿ. ಆಟಿಸಂ, ಬೌದ್ಧಿಕ ವೈಕಲ್ಯ, ಮಾನಸಿಕ ಕಾಯಿಲೆ ಇರುವ ಎಷ್ಟು ಮಂದಿ ಸಂಬಳದ ಹುದ್ದೆಯಲ್ಲಿದ್ದಾರೆ, ಎಷ್ಟು ಹುದ್ದೆ ಬ್ಯಾಕ್‌ಲಾಗ್ ಆಗಿ ಕೊನೆಗೆ ಬೇರೆಯವರ ಪಾಲಾಯಿತು ಎಂಬುದು ಅದರಲ್ಲಿ ಇರಲಿ.

ಶುಲ್ಕಕ್ಕೆ ಕಾಯ್ದೆ ಬೇಕು, ಅದಕ್ಕೆ ಸಮಯ ಹಿಡಿಯುತ್ತದೆ, ಒಪ್ಪೋಣ. ಕೆಲಸಕ್ಕೆ ಸೇರಿದ ಅಂಗವಿಕಲರ ಪಿಂಚಣಿಯನ್ನು ಮೊದಲ ಎರಡು ವರ್ಷ ಮುಟ್ಟುವುದಿಲ್ಲ, ಕೆಲಸ ಹೋದರೆ ಹೊಸ ಅರ್ಜಿಯಿಲ್ಲದೆ ಮುಂದುವರಿಸುತ್ತೇವೆ ಎನ್ನಲು ಯಾವ ಕಾಯ್ದೆಯೂ ಬೇಡ. ಕಂದಾಯ ಇಲಾಖೆಯ ಒಂದು ಆದೇಶ ಸಾಕು, ಬಜೆಟ್ಟಿನವರೆಗೂ ಕಾಯಬೇಕಾಗಿಲ್ಲ.