ಚಂಚಲಚಿತ್ತದ ಮಗುವೂ ಬೇರು-ಎಲೆಗಳ ಭರವಸೆಯೂ

ಪಾಠ ನಡೆಯುತ್ತಿರುವಾಗಲೇ ಎದ್ದು ತಿರುಗುವ, ಪ್ರಶ್ನೆ ಮುಗಿಯುವ ಮೊದಲೇ ಉತ್ತರವನ್ನು ಕೂಗುವ, ಪುಸ್ತಕವನ್ನು ದಿನಕ್ಕೊಂದು ಕಡೆ ಮರೆತು ಬರುವ ಬಾಲಕನನ್ನು ಕಾಣದ ಶಿಕ್ಷಕರು ವಿರಳ. ಪೋತ್ನಾಳದಂತಹ ಊರಿನಲ್ಲಿ ಇಂಥ ಮಗುವಿಗೆ ‘ಉಡಾಳ’ನೆಂಬ ಬಿರುದು ಸುಲಭವಾಗಿ ದೊರೆಯುತ್ತದೆ. ಬಿರುದಿನ ಬೆನ್ನಿಗೆ ಬೆತ್ತ. ಬೆತ್ತದ ಬೆನ್ನಿಗೆ ಶಾಲೆ ಬಿಡಿಸುವ ಆಲೋಚನೆ. ತುಂಗಭದ್ರೆಯ ಎಡದಂಡೆ ಕಾಲುವೆಯ ಈ ಸೀಮೆಯಲ್ಲಿ ಭತ್ತದ ನಾಟಿಗೂ ಹತ್ತಿ ಬಿಡಿಸುವುದಕ್ಕೂ ಕೈಗಳು ಬೇಕೇ ಬೇಕಾಗಿರುವುದರಿಂದ, ಓದು ತಲೆಗೆ ಹತ್ತದೆಂದು ತೀರ್ಮಾನವಾದ ಮಗು ಹೊಲದ ದಾರಿ ಹಿಡಿಯಲು ಹೆಚ್ಚು ದಿನ ಬೇಕಾಗುವುದಿಲ್ಲ.

ವೈದ್ಯಶಾಸ್ತ್ರವು ಈ ಸ್ಥಿತಿಯನ್ನು ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ, ಸಂಕ್ಷೇಪವಾಗಿ ಎ.ಡಿ.ಎಚ್.ಡಿ. ಎಂದು ಕರೆಯುತ್ತದೆ. ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಅವರು 1902ರಷ್ಟು ಹಿಂದೆಯೇ ಇಂಥ ಮಕ್ಕಳನ್ನು ಕುರಿತು ಉಪನ್ಯಾಸ ನೀಡಿದ್ದರು. ಜಗತ್ತಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 5 ಮಂದಿಗೆ ಈ ತೊಂದರೆಯುಂಟೆಂದು ಅಂದಾಜು. ಲಕ್ಷಣಗಳು 12 ವರ್ಷಕ್ಕೆ ಮೊದಲೇ ಕಾಣಿಸಿಕೊಂಡು, ಆರು ತಿಂಗಳಾದರೂ ಉಳಿದು, ಮನೆ ಮತ್ತು ಶಾಲೆ ಎಂಬ ಎರಡು ಎಡೆಗಳಲ್ಲಾದರೂ ತೊಡಕುಂಟುಮಾಡಿದಾಗ ಮಾತ್ರ ಈ ಹೆಸರು ಸಲ್ಲುತ್ತದೆ. ಒಬ್ಬ ಗುರುಗಳ ತರಗತಿಯಲ್ಲಿ ಮಾತ್ರ ಗದ್ದಲ ಮಾಡುವ ಮಗುವಿಗೆ ರೋಗವಿಲ್ಲ. ಅಲ್ಲಿ ಪಾಠವೇ ನೀರಸವಾಗಿರಲೂಬಹುದು. ಗದ್ದಲ ಮಾಡದೆ ಕಿಟಕಿಯಾಚೆ ನೋಡುತ್ತ ಕುಳಿತ ಬಾಲಕಿಯಲ್ಲಿ ಈ ತೊಂದರೆ ಇದ್ದರೂ ಯಾರ ಕಣ್ಣಿಗೂ ಬೀಳದೆ ಹೋಗುವುದುಂಟು.

ಮಗುವಿನ ಮೆದುಳಿಗೆ ಮಾತ್ರೆ ಎಂದೊಡನೆ ತಾಯಿತಂದೆಯರು ಹಿಂಜರಿಯುವುದು ಸಹಜ. ಆ ಭಯವನ್ನು ಹಾಸ್ಯ ಮಾಡುವುದು ಸಲ್ಲದು. ಮಿಥೈಲ್‌ಫೆನಿಡೇಟ್ ಎಂಬ ಪ್ರಧಾನ ಔಷಧಿಯಿಂದ ಹಸಿವು ಕುಗ್ಗುವುದೂ ನಿದ್ರೆ ಕೆಡುವುದೂ ಉಂಟು. ಆದರೆ ಮಾತ್ರೆಗೆ ಕೇಳುವ ಪ್ರಶ್ನೆಯನ್ನು ಬೇರಿಗೂ ಎಲೆಗೂ ಕೇಳದಿರುವುದು ಮಾತ್ರ ನ್ಯಾಯವಲ್ಲ. ಅದರಿಂದ ಗುಣವಾದುದಕ್ಕೆ ಪುರಾವೆ ಏನು? ಕೇಡು ಎಷ್ಟು? ಈ ಎರಡು ಪ್ರಶ್ನೆಗಳಿಂದ ಯಾವ ಉಪಾಯಕ್ಕೂ ವಿನಾಯಿತಿ ಇರಬಾರದು.

ಬ್ರಾಹ್ಮಿಯನ್ನೇ ತೆಗೆದುಕೊಳ್ಳಬಹುದು. ಈ ಒಂದೇ ಹೆಸರಿನಲ್ಲಿ ಎರಡು ಸಸ್ಯಗಳು ಮಾರಾಟವಾಗುತ್ತವೆ: ಒಂದು ನೀರುಬ್ರಾಹ್ಮಿ, ಇನ್ನೊಂದು ಒಂದೆಲಗ. ಕೊಂಡವರಿಗೆ ತಮ್ಮ ಪುಡಿ ಯಾವ ಗಿಡದ್ದೆಂಬ ಅರಿವೇ ಇರುವುದಿಲ್ಲ. ಆಸ್ಟ್ರೇಲಿಯದಲ್ಲಿ ಚಂಚಲ ಬಾಲಕರಿಗೆ ನೀರುಬ್ರಾಹ್ಮಿಯ ಸಾರವನ್ನು ಕೊಟ್ಟು ನಡೆಸಿದ, 2022ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಗಮನ ಮತ್ತು ಚಟುವಟಿಕೆಯ ವಿಷಯದಲ್ಲಿ ಅದು ಹುಸಿಮಾತ್ರೆಗಿಂತ ಮೇಲೆಂದು ಸಿದ್ಧವಾಗಲಿಲ್ಲ. ಒಂದೆಲಗದ ಚಟ್ನಿಯನ್ನು ಉಣ್ಣುವುದಕ್ಕೆ ಯಾರ ಅಡ್ಡಿಯೂ ಇಲ್ಲ, ಅದು ಊಟ. ಆದರೆ ಹೆಸರು ವಿಳಾಸವಿಲ್ಲದ ಪುಡಿ, ಭಸ್ಮ, ಗುಳಿಗೆಗಳ ಮಾತು ಬೇರೆ. 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅಮೆರಿಕದ ಬಾಸ್ಟನ್ ಸುತ್ತಿನ ಅಂಗಡಿಗಳಿಂದ ಕೊಂಡು ಪರೀಕ್ಷಿಸಿದ 70 ಆಯುರ್ವೇದ ಸಿದ್ಧೌಷಧಗಳಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಪಾಷಾಣ ದೊರೆತವು. ಸೀಸವಂತೂ ಮಗುವಿನ ಗಮನಶಕ್ತಿಯನ್ನೇ ಕಸಿಯುವ ವಿಷ. ಯಾವುದನ್ನು ಕೊಡಬೇಕೆಂದು ಹೊರಟಿದ್ದೇವೆಯೋ ಅದನ್ನೇ ಅಪಹರಿಸುವ ಮದ್ದು ಇದು. ಇನ್ನು ಹಟಮಾರಿ ಮಗುವಿಗೆ ಬರೆ ಹಾಕಿಸುವ ಪದ್ಧತಿಯನ್ನು ಚಿಕಿತ್ಸೆಯೆಂದು ಕರೆಯುವುದೇ ತಪ್ಪು.

ಆಹಾರದ ವಿಚಾರ ಇಷ್ಟು ಸರಳವಲ್ಲ. ಸಿಹಿ ತಿಂದರೆ ಮಕ್ಕಳು ಕುಣಿಯುತ್ತಾರೆಂಬ ನಂಬಿಕೆಯನ್ನು ಅನೇಕ ಪರೀಕ್ಷೆಗಳನ್ನು ಒಟ್ಟಾಗಿ ತೂಗಿದ 1995ರ ಸಮೀಕ್ಷೆ ಎತ್ತಿಹಿಡಿಯಲಿಲ್ಲ. ಕೃತಕ ಬಣ್ಣಗಳ ಬಗೆಗೆ ಮಾತ್ರ ಸ್ವಲ್ಪ ಆಧಾರವಿದೆ. ಇಂಗ್ಲೆಂಡಿನ ಸೌತಾಂಪ್ಟನ್ನಿನ ಸಂಶೋಧಕರು 2007ರಲ್ಲಿ ಸಾಮಾನ್ಯ ಮಕ್ಕಳಲ್ಲಿಯೂ ಬಣ್ಣದ ಪಾನೀಯದಿಂದ ಚಂಚಲತೆ ತುಸು ಏರಿದುದನ್ನು ಕಂಡರು. 2010ರಿಂದ ಐರೋಪ್ಯ ಒಕ್ಕೂಟದಲ್ಲಿ ಆರು ಬಣ್ಣಗಳಿರುವ ತಿನಿಸುಗಳ ಮೇಲೆ ಎಚ್ಚರಿಕೆಯ ಮಾತು ಕಡ್ಡಾಯವಾಯಿತು. ಶಾಲೆಯ ಗೇಟಿನ ಮುಂದೆ ಮಾರುವ ಕೆಂಪು-ಹಸಿರು ಐಸನ್ನು ತಡೆದರೆ ನಷ್ಟವಂತೂ ಏನಿಲ್ಲ. ಆದರೆ ಈ ಭಾಗದಲ್ಲಿ ಇದಕ್ಕಿಂತ ಹಿರಿದಾದ ಪ್ರಶ್ನೆ ರಕ್ತಹೀನತೆಯದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಅರವತ್ತಕ್ಕೂ ಮಿಕ್ಕವರು ರಕ್ತಹೀನರು. ಕಬ್ಬಿಣದ ಅಂಶ ಸಾಲದ ಮಗು ಮಂಕಾಗಿರುತ್ತದೆ, ಕಿರಿಕಿರಿ ಮಾಡುತ್ತದೆ, ಲಕ್ಷ್ಯವಿಡಲಾರದು. ಕಿವಿ ಸೋರುವ ಮಗು, ಹಲಗೆಯ ಮೇಲಿನ ಅಕ್ಷರ ಕಾಣದ ಮಗು, ತಾಯಿತಂದೆಯರೊಡನೆ ಗುಳೆ ಹೋಗಿ ಮೂರು ತಿಂಗಳ ಮೇಲೆ ಮರಳಿದ ಮಗು – ಇವರೆಲ್ಲರೂ ಚಂಚಲರಂತೆಯೇ ತೋರುವರು. ಇವರನ್ನು ಬೇರ್ಪಡಿಸದೆ ಯಾವ ಚಿಕಿತ್ಸೆಯನ್ನು ಕೊಟ್ಟರೂ ಅದು ಕತ್ತಲಲ್ಲಿ ಎಸೆದ ಕಲ್ಲು.

ಯೋಗವನ್ನು ಕುರಿತು ಉತ್ಸಾಹ ಬಹಳ, ಪುರಾವೆ ಅಲ್ಪ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಒಳರೋಗಿಗಳಾಗಿದ್ದ ಕೆಲವೇ ಮಕ್ಕಳಿಗೆ ಔಷಧಿಯ ಜೊತೆಗೆ ಯೋಗ ಕಲಿಸಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಬಿಡುಗಡೆಯ ಹೊತ್ತಿಗೆ ಸುಧಾರಣೆ ಕಂಡಿತಾದರೂ ಅದು ಯೋಗದಿಂದಲೇ ಆಯಿತೆನ್ನಲು ಅಷ್ಟು ಸಣ್ಣ ಅಧ್ಯಯನ ಸಾಲದು. ಬೆಳಗಿನ ಪ್ರಾರ್ಥನೆಯ ನಂತರದ ವ್ಯಾಯಾಮ ಎಲ್ಲ ಮಕ್ಕಳಿಗೂ ಹಿತಕರ. ಅದನ್ನು ಔಷಧಿಯ ಸ್ಥಾನದಲ್ಲಿ ಕೂರಿಸುವುದು ಬೇಡ.

ಔಷಧಿಯಲ್ಲದ ಉಪಾಯಗಳಲ್ಲಿ ನಿಜವಾಗಿ ತೂಕವುಳ್ಳದ್ದು ದೊಡ್ಡವರ ನಡತೆಯನ್ನು ತಿದ್ದುವುದೇ ಆಗಿದೆ. ಮಗುವನ್ನು ಮುಂದಿನ ಸಾಲಿನಲ್ಲಿ, ಕಿಟಕಿ ಬಾಗಿಲುಗಳಿಂದ ದೂರ ಕೂರಿಸುವುದು. ಒಮ್ಮೆಗೆ ಒಂದೇ ಸೂಚನೆ ಕೊಡುವುದು. ಹತ್ತು ಲೆಕ್ಕಗಳನ್ನು ಎರಡೆರಡಾಗಿ ಒಡೆದು ಕೊಡುವುದು. ಸೀಮೆಸುಣ್ಣ ತರಲು, ಹಲಗೆ ಒರೆಸಲು ಕಳುಹಿಸಿ ಅದರ ಕಾಲಿಗೆ ಕೆಲಸ ಕೊಡುವುದು. ಕುಳಿತ ಐದು ನಿಮಿಷವನ್ನು ಗಮನಿಸಿ ಅಲ್ಲಿಯೇ ಮೆಚ್ಚುವುದು. ಐದು ವರ್ಷದೊಳಗಿನ ಮಕ್ಕಳಿಗೆ ಮೊದಲ ಚಿಕಿತ್ಸೆಯೇ ತಾಯಿತಂದೆಯರ ತರಬೇತಿಯೆಂದು ಬ್ರಿಟನ್ನಿನ 2018ರ ಮಾರ್ಗಸೂಚಿ ವಿಧಿಸುತ್ತದೆ.

ಇದರ ಮಿತಿಯನ್ನೂ ಮುಚ್ಚಿಡಬಾರದು. ಅಮೆರಿಕದಲ್ಲಿ 579 ಮಕ್ಕಳ ಮೇಲೆ 14 ತಿಂಗಳು ನಡೆಸಿ 1999ರಲ್ಲಿ ಪ್ರಕಟಿಸಿದ ದೊಡ್ಡ ಪರೀಕ್ಷೆಯಲ್ಲಿ, ಮೂಲ ಲಕ್ಷಣಗಳನ್ನು ತಗ್ಗಿಸುವುದರಲ್ಲಿ ಎಚ್ಚರದಿಂದ ಕೊಟ್ಟ ಔಷಧಿಯೇ ವರ್ತನಾಚಿಕಿತ್ಸೆಗಿಂತ ಮುಂದಿತ್ತು. ಮೂರು ವರ್ಷಗಳ ವೇಳೆಗೆ ಆ ಅಂತರ ಅಳಿಸಿಹೋಗಿತ್ತೆಂಬುದೂ ಅಷ್ಟೇ ಸತ್ಯ. ಆದುದರಿಂದ ಮಾತ್ರೆ ಬೇಕಾದ ಮಗುವಿಗೆ ‘ನೈಸರ್ಗಿಕ’ದ ಹೆಸರಿನಲ್ಲಿ ಅದನ್ನು ತಪ್ಪಿಸುವುದೂ, ಶಿಕ್ಷಕರು ತಮ್ಮ ಪಾಲಿನ ಕೆಲಸವನ್ನು ಮಾತ್ರೆಗೆ ವಹಿಸಿ ಕೈತೊಳೆದುಕೊಳ್ಳುವುದೂ ಒಂದೇ ಬಗೆಯ ಅಪರಾಧಗಳು.

ದಾನಿಗಳಿಗೆ ಇಲ್ಲಿ ಒಂದು ಮಾತು ಸಲ್ಲುತ್ತದೆ. ವಿದ್ಯಾರ್ಥಿಗಳಿಗೆ ಸ್ಮರಣಶಕ್ತಿಯ ಪುಡಿಯನ್ನು ಹಂಚುವ ಸದಿಚ್ಛೆ ಯಾರಿಗಾದರೂ ಮೂಡಿದರೆ, ಆ ಹಣ ಕನ್ನಡಕಕ್ಕೂ ಕಿವಿಯ ತಪಾಸಣೆಗೂ ಹೆಚ್ಚು ಸಾರ್ಥಕವಾಗಿ ಸಲ್ಲುತ್ತದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಈ ತೊಂದರೆಯೂ ಸೇರಿದೆ. ಸರಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳನ್ನು ವರ್ಷಕ್ಕೊಮ್ಮೆ ತಪಾಸಣೆ ಮಾಡಬೇಕೆಂಬುದು ಅದರ ನಿಯಮ. ಆ ತಂಡದ ಮುಂದೆ ಮಗು ನಿಲ್ಲುವುದು ಕೆಲವು ನಿಮಿಷ ಮಾತ್ರ. ವರ್ಷವಿಡೀ ಕಂಡುದನ್ನು ಶಿಕ್ಷಕರು ಒಂದು ಹಾಳೆಯಲ್ಲಿ ಬರೆದಿಟ್ಟಿದ್ದರೆ ವೈದ್ಯರಿಗೆ ಅದೇ ದೊಡ್ಡ ಆಧಾರ. ಆ ಹಾಳೆಯನ್ನು ಹಿಡಿದು ಮಗುವಿನೊಡನೆ ರಾಯಚೂರಿನ ಆಸ್ಪತ್ರೆಗೆ ಹೋಗಿ ಬರುವ ತಾಯಿಗೆ ಆ ದಿನದ ಕೂಲಿ ಹೋಗುತ್ತದೆ. ಎರಡನೆಯ ಭೇಟಿಗೆ ಎಷ್ಟೋ ಮಂದಿ ಹೋಗದಿರುವುದು ಇದರಿಂದಲೇ. ಅಷ್ಟನ್ನು ಭರಿಸುವ ಒಂದು ಸಣ್ಣ ನಿಧಿ ಶಾಲೆಯಲ್ಲಿಯೇ ಇರಬಹುದು.