ಹೋಮರನಿಗೆ ಆಡುಮಾತು ಕೊಟ್ಟವರ ಪಾಡು



1901ರ ನವೆಂಬರಿನಲ್ಲಿ ಗ್ರೀಸಿನ ಅಥೆನ್ಸ್ ನಗರದಲ್ಲಿ ಭಾಷಾಭಿಮಾನದ ಹೆಸರಿನಲ್ಲಿ ಎಂಟು ಜನ ಸತ್ತರು. ಬೀದಿಗಿಳಿದವರು ಗೂಂಡಾಗಳಲ್ಲ, ವಿಶ್ವವಿದ್ಯಾಲಯದ ಹುಡುಗರು. ನಿಮ್ಮದೇ ವಯಸ್ಸು. ಅವರ ಸಿಟ್ಟು ಪರಭಾಷೆಯ ಮೇಲೂ ಅಲ್ಲ! 'ಅಕ್ರೋಪೊಲಿಸ್' ಎಂಬ ಪತ್ರಿಕೆ ಬೈಬಲ್ಲಿನ ಮತ್ತಾಯನ ಸುವಾರ್ತೆಯನ್ನು ಜನರ ಆಡುಮಾತಿನ ಗ್ರೀಕ್‌ನಲ್ಲಿ ಅಚ್ಚು ಹಾಕಿತ್ತು. ಅಷ್ಟೇ ಅಪರಾಧ. ಪತ್ರಿಕೆಯ ಕಚೇರಿಗೆ ನುಗ್ಗಿದರು, ಬೀದಿಯಲ್ಲಿ ಗುಂಡು ಹಾರಿತು, ಕೊನೆಗೆ ಸರ್ಕಾರವೇ ಉರುಳಿತು.

ಅದನ್ನು ಅನುವಾದಿಸಿದವನು ಅಲೆಕ್ಸಾಂದ್ರೋಸ್ ಪಾಲಿಸ್. ಪಂಡಿತನಲ್ಲ, ವ್ಯಾಪಾರಿ. ರ‍್ಯಾಲಿ ಬ್ರದರ್ಸ್ ಕಂಪನಿಯ ಕೆಲಸದ ಮೇಲೆ ನಮ್ಮ ಮುಂಬಯಿಯಲ್ಲೂ ಇದ್ದವನು. ಆ ಹೊತ್ತಿಗಾಗಲೇ ಹೋಮರನ 'ಇಲಿಯಡ್' ಮಹಾಕಾವ್ಯಕ್ಕೂ ಕೈಹಾಕಿದ್ದ. 1892ರಲ್ಲಿ ಮೊದಲ ಭಾಗ ಬಂತು, 1904ರಲ್ಲಿ ಪೂರ್ತಿಯಾಯಿತು. ಬಳಸಿದ್ದು ಗ್ರೀಕ್ ಜನಪದ ಹಾಡುಗಳ ಹದಿನೈದು ಅಕ್ಷರದ ಸಾಲು. ನಮ್ಮಲ್ಲಿ ಪಂಪನನ್ನು ಲಾವಣಿ ಧಾಟಿಗೆ ಕೂರಿಸಿದ ಹಾಗೆ ಅನ್ನಿ.

ಪಂಡಿತರಿಗೆ ಇದು ಸಹಿಸಲಿಲ್ಲ. ಹೋಮರ್ ನಮ್ಮವನು, ಅವನ ಭಾಷೆ ನಮ್ಮದು, ನಮ್ಮ ಭಾಷೆಗೇ ಮತ್ತೆ ಅನುವಾದವೇ ಎಂಬುದು ಅವರ ವಾದ. ನಿಜಸ್ಥಿತಿ ಏನು? ಹೋಮರನ ಗ್ರೀಕ್ ಎರಡೂವರೆ ಸಾವಿರ ವರ್ಷಕ್ಕೂ ಹಳೆಯದು. ಸರ್ಕಾರ ಮತ್ತು ಶಾಲೆ ನಡೆಯುತ್ತಿದ್ದುದು 'ಕಥಾರೆವೂಸ' ಎಂಬ ಶುದ್ಧೀಕರಿಸಿದ ಗ್ರೀಕ್‌ನಲ್ಲಿ. ಯಾವ ತಾಯಿಯೂ ಮಗುವಿಗೆ ಅದರಲ್ಲಿ ಜೋಗುಳ ಹಾಡಿದವಳಲ್ಲ. ಇತ್ತ ಇಂಗ್ಲಿಷಿನವರು ಅಲೆಕ್ಸಾಂಡರ್ ಪೋಪ್ ಮಾಡಿಕೊಟ್ಟ ಇಲಿಯಡ್ಡನ್ನು 1720ರ ಹೊತ್ತಿಗೇ ತಮ್ಮ ಭಾಷೆಯಲ್ಲಿ ಓದಿ ಸುಖಪಟ್ಟಿದ್ದರು. ಹೋಮರನ ಮೊಮ್ಮಕ್ಕಳಿಗೇ ಹೋಮರ್ ಕೈಗೆಟುಕಲಿಲ್ಲ!

ಅಚ್ಚಿನ ಕೆಲಸದವನಾದ ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಪ್ರಸಂಗ. ಹಳೆಯ ಗ್ರೀಕ್ ಬರಹದಲ್ಲಿ ಸ್ವರಗಳ ತಲೆಯ ಮೇಲೆ ಮೂರು ಬಗೆಯ ಒತ್ತಿನ ಗುರುತು, ಎರಡು ಬಗೆಯ ಉಸಿರಿನ ಗುರುತು. ಬಾಯಿಮಾತಿನಲ್ಲಿ ಆ ವ್ಯತ್ಯಾಸಗಳು ಸತ್ತು ಶತಮಾನಗಳೇ ಆಗಿದ್ದವು. ಒಂದೊಂದು ಸ್ವರಕ್ಕೂ ಎಷ್ಟು ಬಗೆಯ ಅಚ್ಚುಮೊಳೆ ಬೇಕಾದೀತು, ಮೊಳೆ ಜೋಡಿಸಿದವರಿಗೇ ಗೊತ್ತು. ಇಯೊಆನಿಸ್ ಕಕ್ರಿದಿಸ್ ಎಂಬ ಪ್ರೊಫೆಸರು ಒಂದೇ ಗುರುತು ಇಟ್ಟು, ಆಡುಮಾತಿನಲ್ಲಿ ಪುಸ್ತಕ ತಂದರು. ಅದಕ್ಕೆ 1941-42ರಲ್ಲಿ ಅಥೆನ್ಸ್ ವಿಶ್ವವಿದ್ಯಾಲಯ ಅವರ ಮೇಲೆ ವಿಚಾರಣೆ ನಡೆಸಿ ಎರಡು ತಿಂಗಳು ಅಮಾನತು ಮಾಡಿತು. ಕಾಲ ಯಾವುದು ಗೊತ್ತೇ? ಹಿಟ್ಲರನ ಸೈನ್ಯ ಊರು ಹಿಡಿದಿತ್ತು, ಜನ ಹಸಿವಿನಿಂದ ಬೀದಿಯಲ್ಲಿ ಬಿದ್ದು ಸಾಯುತ್ತಿದ್ದರು. ಪಂಡಿತರು ಅಕ್ಷರದ ತಲೆಯ ಮೇಲಿನ ಚುಕ್ಕೆ ಎಣಿಸುತ್ತಿದ್ದರು.

ಕಕ್ರಿದಿಸ್ ಬಗ್ಗಲಿಲ್ಲ. ಕಾದಂಬರಿಕಾರ ನಿಕೋಸ್ ಕಜಾಂಟ್‌ಜಾಕಿಸ್ ಜೊತೆ ಸೇರಿ ಇಲಿಯಡ್ಡನ್ನು ಮತ್ತೆ ಆಡುಮಾತಿಗೆ ತಂದರು. 1955ರಲ್ಲಿ ಇಬ್ಬರೂ ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದರು.

ಮುಂದಿನದು ಬೇಗ ಹೇಳುತ್ತೇನೆ. 1964ರಲ್ಲಿ ಶಾಲೆಗಳಲ್ಲಿ ಪ್ರಾಚೀನ ಕೃತಿಗಳನ್ನು ಅನುವಾದದಲ್ಲಿ ಕಲಿಸಲು ಶುರು ಮಾಡಿದರು. 1967ರಲ್ಲಿ ಬಂದ ಮಿಲಿಟರಿ ಆಡಳಿತ ಅದನ್ನು ಕಿತ್ತುಹಾಕಿತು. ಅದು ತೊಲಗಿದ ಮೇಲೆ, 1976ರಲ್ಲಿ, ಆಡುಮಾತು ಶಿಕ್ಷಣದ ಭಾಷೆಯಾಯಿತು. 1982ರಲ್ಲಿ ಸರ್ಕಾರವೇ ಒಂದೇ ಗುರುತು ಸಾಕು ಎಂದಿತು. ಕಕ್ರಿದಿಸ್‌ಗೆ ಶಿಕ್ಷೆಯಾಗಿ ನಲವತ್ತು ವರ್ಷವಾಗಿತ್ತು! ಹೋಮರನ ಮೂಲ ಸತ್ತಿತೇ? ಇಲ್ಲ. ಕಲಿಯುವವರು ಈಗಲೂ ಕಲಿಯುತ್ತಾರೆ.

1901ರಲ್ಲಿ ಪತ್ರಿಕೆಯ ಕಚೇರಿ ಒಡೆದ ಹುಡುಗರೂ ತಾವು ತಾಯ್ನುಡಿಯ ಕಾವಲುಗಾರರು ಎಂದೇ ನಂಬಿದ್ದರು. ಇದು ನಮ್ಮಂಥವರು ಎರಡು ಸಲ ಓದಬೇಕಾದ ಮಾತು. ನಮ್ಮಲ್ಲಿ ಪಂಪನ ಭಾರತ ಹತ್ತನೇ ಶತಮಾನದ್ದು. ಹಳಗನ್ನಡ ಬಾರದವರಿಗೆಂದೇ ಎಲ್. ಬಸವರಾಜು ಅವರು 'ಸರಳ ಪಂಪಭಾರತ' ಮಾಡಿಕೊಟ್ಟಿದ್ದಾರೆ. ಯಾರೂ ಕಲ್ಲು ಹೊಡೆಯಲಿಲ್ಲ, ನಿಜ. ಆದರೆ ನಾವು ಓದಿದೆವೇ? ರಾಜ್ಯೋತ್ಸವದ ಬ್ಯಾನರಿಗೆ ಪಂಪನ ಚಿತ್ರ ಹಾಕಿಸಲು ಪ್ರೆಸ್ಸಿಗೆ ಬರುವ ಹುಡುಗರನ್ನು ನಾನು ಕೇಳುವುದು ಒಂದೇ: ತಮ್ಮಾ, ಇವನದು ಒಂದು ಪುಟವಾದರೂ ಓದಿದ್ದೀಯಾ?